ಮೆಟ್ಸ್‌ನ ಥರ್ಡ್ ಬೇಸ್‌ಗೆ ಆಳು ಸಿಗದ ನಲವತ್ತೆರಡು ವರ್ಷ



ನ್ಯೂಯಾರ್ಕಿನ ಸಿಟಿ ಫೀಲ್ಡ್‌ನಲ್ಲಿ 2025ರ ಜುಲೈ 19ರಂದು ಮೆಟ್ಸ್ ಬೇಸ್‌ಬಾಲ್ ತಂಡ ತನ್ನ ಹಳೆಯ ಆಟಗಾರ ಡೇವಿಡ್ ರೈಟ್ ಅವರ 5ನೇ ನಂಬರಿನ ಜೆರ್ಸಿಗೆ ನಿವೃತ್ತಿ ಕೊಟ್ಟಿತು. ಇನ್ನು ಆ ತಂಡದಲ್ಲಿ ಯಾರೂ ಆ ನಂಬರ್ ತೊಡುವಂತಿಲ್ಲ. ಬೇಸ್‌ಬಾಲ್ ಸ್ಕೋರ್‌ಬುಕ್ಕಿನಲ್ಲಿ ಥರ್ಡ್ ಬೇಸ್‌ಮನ್‌ಗೆ, ಅಂದರೆ ರೈಟ್ ಅವರಂತೆ ಮೂರನೇ ಬೇಸ್ ಕಾಯುವ ಫೀಲ್ಡರ್‌ಗೆ, ಬರೆಯುವ ಅಂಕಿಯೂ 5. ಈ ಗೌರವದ ತೂಕ ತಿಳಿಯಬೇಕಾದರೆ ರೈಟ್ ಬರುವ ಮುಂಚಿನ ಚರಿತ್ರೆ ಗೊತ್ತಿರಬೇಕು. 1962ರಲ್ಲಿ ತಂಡ ಹುಟ್ಟಿದಾಗಿನಿಂದ 2004ರ ಜುಲೈವರೆಗೆ ಆ ಒಂದು ಜಾಗದಲ್ಲಿ ನಿಂತು ಹೋದವರ ಸಂಖ್ಯೆ ನೂರು ದಾಟಿತ್ತು. ಅದರ ಬಗ್ಗೆಯೇ ಈ ಬರಹ.

ಮೊದಲು ಆ ಜಾಗ ಎಂಥದ್ದು ನೋಡೋಣ. ಕ್ರಿಕೆಟ್ ನೋಡಿ ಬೆಳೆದವರಿಗೆ ಹೀಗೆ ಹೇಳಬಹುದು: ಗಲ್ಲಿಯಲ್ಲಿ ನಿಂತವನ ಕಣ್ಣು-ಕೈಗಳ ಚುರುಕು ಬೇಕು, ಬೌಂಡರಿಯಿಂದ ನೇರವಾಗಿ ವಿಕೆಟ್‌ಗೆ ಎಸೆಯುವವನ ತೋಳು ಬೇಕು, ಒಂದೇ ಚೆಂಡಿಗೆ ಎರಡೂ ಬೇಕು. ಹೊಡೆದವನು ಒಂದೊಂದಾಗಿ ಓಡಿ ಮುಟ್ಟಬೇಕಾದ ಬೇಸ್‌ಗಳು ಒಂದು ಚೌಕದ ಮೂಲೆಗಳಲ್ಲಿರುತ್ತವೆ, ಬೇಸ್‌ನಿಂದ ಬೇಸ್‌ಗೆ 90 ಅಡಿ. ಬ್ಯಾಟರ್‌ನಿಂದ ಥರ್ಡ್ ಬೇಸ್‌ಮನ್ ನಿಲ್ಲುವುದೂ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ, ಕೆಲವೊಮ್ಮೆ ಇನ್ನೂ ಮುಂದೆ. ಬಲಗೈ ಬ್ಯಾಟರ್‌ಗಳು ಮೈಬಲ ಹಾಕಿ ಎಳೆದು ಹೊಡೆಯುವುದು ಇವನ ಕಡೆಗೇ. ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಬಂದ ಚೆಂಡು ಇವನನ್ನು ಮುಟ್ಟಲು ಸೆಕೆಂಡಿನ ಮೂರನೇ ಎರಡು ಭಾಗ ಸಾಕು. ಆಮೇಲೆ ಅದನ್ನು ಇನ್‌ಫೀಲ್ಡಿನ ಈ ಮೂಲೆಯಿಂದ ಆ ಮೂಲೆಗೆ, ಫಸ್ಟ್ ಬೇಸ್‌ಗೆ, ಎಸೆಯಬೇಕು: 127 ಅಡಿ, ಸುಮಾರು 39 ಮೀಟರ್. ಓಡುವವನು ಅಲ್ಲಿಗೆ ನಾಲ್ಕೂಕಾಲು ಸೆಕೆಂಡಿನ ಆಸುಪಾಸಿನಲ್ಲಿ ತಲುಪಿಬಿಡುತ್ತಾನೆ.

ಜೋರು ಹೊಡೆತಕ್ಕಿಂತ ಮೆತ್ತಗಿನದ್ದೇ ಹೆಚ್ಚು ಕಾಡುತ್ತದೆ. ಬ್ಯಾಟರ್ ಬಂಟ್ ಮಾಡಿ, ಅಂದರೆ ಬ್ಯಾಟ್ ಬೀಸದೆ ಸುಮ್ಮನೆ ತಾಗಿಸಿ, ಚೆಂಡನ್ನು ಆಟದ ಗಡಿಗೆರೆಯಾದ ಫೌಲ್ ಲೈನ್ ಪಕ್ಕಕ್ಕೆ ಉರುಳಿಸಿದರೆ ಇವನು ಮುಂದಕ್ಕೆ ಓಡಿ, ಗ್ಲೌಸ್ ಬಳಸದೆ ಬರಿಗೈಯಲ್ಲಿ ಹೆಕ್ಕಿ, ಬೆನ್ನು ನೆಟ್ಟಗೆ ಮಾಡದೆಯೇ ತೋಳನ್ನು ಪಕ್ಕದಿಂದ ಬೀಸಿ ಎಸೆಯಬೇಕು. ನಿಂತು ಸಾವರಿಸಿಕೊಂಡರೆ ಅಷ್ಟರಲ್ಲಿ ಬ್ಯಾಟರ್ ಫಸ್ಟ್ ಬೇಸ್ ಮುಟ್ಟಿರುತ್ತಾನೆ. ಹಾಗಾಗಿ ಪ್ರತಿ ಎಸೆತಕ್ಕೂ ನಿಲ್ಲುವ ಜಾಗದ ಲೆಕ್ಕ ಬದಲಾಗುತ್ತದೆ. ಬಂಟ್ ಬರಬಹುದು ಅನ್ನಿಸಿದರೆ ಹುಲ್ಲಿನ ಅಂಚಿಗೆ ಬರಬೇಕು. ಎರಡು ಸ್ಟ್ರೈಕ್ (ಮೂರಾದರೆ ಔಟ್) ಆದಮೇಲೆ ಬಂಟ್ ಗೆರೆಯಾಚೆ ಫೌಲ್ ಹೋದರೆ ಬ್ಯಾಟರ್ ಔಟ್, ಆ ಅಪಾಯಕ್ಕೆ ಕೈಹಾಕುವವರು ಕಡಿಮೆ, ಆದ್ದರಿಂದ ಹಿಂದೆ ಸರಿಯಬಹುದು. ಪಂದ್ಯದ ಕೊನೆಗೆ ಒಂದೇ ರನ್ನಿನ ಮುನ್ನಡೆ ಇದ್ದರೆ ಲೈನ್‌ಗೆ ಅಂಟಿಕೊಂಡು ನಿಲ್ಲಬೇಕು, ಏಕೆಂದರೆ ಲೈನ್ ಗುಂಟ ನುಸುಳಿದ ಚೆಂಡು ಎರಡು ಬೇಸ್ ಕೊಡುತ್ತದೆ.

ಹಾಗಾದರೆ ಸೆಕೆಂಡ್, ಥರ್ಡ್ ಬೇಸ್‌ಗಳ ನಡುವೆ ನಿಲ್ಲುವ ಒಳ್ಳೆ ಶಾರ್ಟ್‌ಸ್ಟಾಪ್ ಒಬ್ಬನನ್ನು ತಂದು ಇಲ್ಲಿ ನಿಲ್ಲಿಸಿದರೆ ಆಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಮೆಟ್ಸ್‌ಗೂ ಅನ್ನಿಸಿತು. ಶಾರ್ಟ್‌ಸ್ಟಾಪ್ ಹಿಂದೆ ನಿಲ್ಲುತ್ತಾನೆ. ಪಿಚ್, ಅಂದರೆ ಪಿಚರ್ ಬ್ಯಾಟರ್‌ಗೆ ಎಸೆದ ಚೆಂಡು, ಎಲ್ಲಿ ಬೀಳುತ್ತದೆ, ಬ್ಯಾಟ್ ಯಾವ ಕೋನದಲ್ಲಿ ಬರುತ್ತದೆ ಎಂದು ನೋಡಿ ಮೊದಲೇ ಒಂದು ಹೆಜ್ಜೆ ಕದಿಯುತ್ತಾನೆ. ಚೆಂಡಿನ ಪುಟಿತಕ್ಕೆ ಹೆಜ್ಜೆ ಹೊಂದಿಸಿಕೊಂಡು ಓಡಿಬಂದು ಹಿಡಿದು ಅದೇ ಓಟದಲ್ಲಿ ಎಸೆಯುತ್ತಾನೆ. ಚೆಂಡು ಅವನಿಗೆ ತಡವಾಗಿ ಸಿಗುವುದರಿಂದ ಒಮ್ಮೆ ಕೈತಪ್ಪಿದರೆ ಮುಗಿಯಿತು. ಥರ್ಡ್‌ನಲ್ಲಿ ಓಡಿಬರಲು ಸಮಯವೇ ಇಲ್ಲ. ಮೈಭಾರ ಮುಂಗಾಲ ಮೇಲೆ, ಗ್ಲೌಸ್ ಮೊದಲೇ ನೆಲಮಟ್ಟದಲ್ಲಿ, ಹಿಡಿಯಲಾಗದಿದ್ದರೆ ಎದೆ ಕೊಟ್ಟು ತಡೆಯಬೇಕು. ಬೇಗ ಬಂದ ಚೆಂಡು ಎದೆಗೆ ಬಡಿದು ಮುಂದೆ ಬಿದ್ದರೂ ಹೆಕ್ಕಿ ಎಸೆಯಲು ಇನ್ನೂ ಹೊತ್ತಿರುತ್ತದೆ. ಹೊಸಬರು ಇಲ್ಲೇ ಎಡವುತ್ತಾರೆ: ಹಿಮ್ಮಡಿಯ ಮೇಲೆ ಭಾರ ಬಿಟ್ಟು ಮುಖ ಪಕ್ಕಕ್ಕೆ ತಿರುಗಿಸುತ್ತಾರೆ, ಇಲ್ಲವೇ ತಡೆದಮೇಲೆ ಗಾಬರಿಯಲ್ಲಿ ಎಸೆದು ಫಸ್ಟ್ ಬೇಸ್‌ಮನ್ ತಲೆಮೇಲೆ ಹಾರಿಸುತ್ತಾರೆ. ಇಷ್ಟರ ಮೇಲೆ ತಂಡಗಳು ಈ ಜಾಗದವನಿಂದ ಕ್ರಿಕೆಟ್ಟಿನ ಸಿಕ್ಸರ್‌ನಂಥ ಹೋಂ ರನ್ನುಗಳನ್ನೂ ನಿರೀಕ್ಷಿಸುತ್ತವೆ. ಕೈ ಚುರುಕಿರುವ ಹುಡುಗರನ್ನು ಶಾರ್ಟ್‌ಸ್ಟಾಪ್ ಜಾಗ ಸೆಳೆದುಕೊಳ್ಳುತ್ತದೆ, ದಪ್ಪ ಮೈಯ ಹೊಡೆತಗಾರರನ್ನು ಫಸ್ಟ್ ಬೇಸ್. ಎರಡೂ ಇರುವವರು ಯಾವ ಕಾಲಕ್ಕೂ ಕಡಿಮೆ.

1962ರಲ್ಲಿ ಮೆಟ್ಸ್‌ನ ಮೊದಲ ಥರ್ಡ್ ಬೇಸ್‌ಮನ್ ಡಾನ್ ಝಿಮ್ಮರ್. ಸತತ 34 ಬ್ಯಾಟಿಂಗ್ ಸರದಿಗಳಲ್ಲಿ ಅವರಿಗೆ ಒಂದೂ ಹಿಟ್ (ಹೊಡೆದು ಔಟಾಗದೆ ಬೇಸ್ ಮುಟ್ಟುವುದು) ಸಿಗಲಿಲ್ಲ. ಆ ಬರ ಮುಗಿದ ಬೆನ್ನಿಗೇ, ಮೇ ತಿಂಗಳಲ್ಲಿ, ಸಿನ್ಸಿನಾಟಿಗೆ ಟ್ರೇಡ್ ಆದರು, ಅಂದರೆ ಆಟಗಾರರ ವಿನಿಮಯದಲ್ಲಿ ಹೋದರು. ಫೆಲಿಕ್ಸ್ ಮಾಂಟಿಯಾ, ರಾಡ್ ಕೇನಲ್, ಚಾರ್ಲಿ ನೀಲ್, ಕ್ಲಿಫ್ ಕುಕ್ ಎಲ್ಲರೂ ಅದೇ ವರ್ಷ ಆ ಜಾಗದಲ್ಲಿ ನಿಂತರು. ತಂಡ 40 ಗೆದ್ದು 120 ಸೋತಿತು. ಸೇಂಟ್ ಲೂಯಿಸ್‌ನಲ್ಲಿ 1964ರ ಅತ್ಯುತ್ತಮ ಆಟಗಾರ ಎನಿಸಿಕೊಂಡಿದ್ದ ಕೆನ್ ಬಾಯರ್ ಅವರನ್ನು 1965ರ ಕೊನೆಗೆ ಕರೆತಂದರು. ಅಷ್ಟು ಹೊತ್ತಿಗೆ ಅವರ ಒಳ್ಳೆಯ ವರ್ಷಗಳು ಕಳೆದಿದ್ದವು. 1967ರ ಜುಲೈಗೆ ಅವರೂ ಹೊರಟರು.

1969ರಲ್ಲಿ ತಂಡ ವರ್ಷದ ಫೈನಲ್ ಆದ ವರ್ಲ್ಡ್ ಸೀರೀಸ್ ಗೆದ್ದಾಗ ಥರ್ಡ್‌ನಲ್ಲಿ ಇಬ್ಬರು: ಹಿರಿಯ ಎಡ್ ಚಾರ್ಲ್ಸ್, ಕಿರಿಯ ವೇಯ್ನ್ ಗ್ಯಾರೆಟ್. ಗೆದ್ದ ತಿಂಗಳಲ್ಲೇ ಚಾರ್ಲ್ಸ್ ಅವರನ್ನು ಬಿಟ್ಟುಕೊಟ್ಟರು. ಉಳಿದ ಗ್ಯಾರೆಟ್ ಮೇಲೆ ನಂಬಿಕೆ ಇಡಲಿಲ್ಲ. ನನ್ನ ಮಟ್ಟಿಗೆ ಇಡೀ ಕಥೆಯ ಗಂಟು ಇಲ್ಲಿದೆ.

ಗ್ಯಾರೆಟ್ ಅವರನ್ನು ಅಟ್ಲಾಂಟಾದ ಕೈಕೆಳಗಿನ ತಂಡಗಳಿಂದ 25,000 ಡಾಲರ್ ಕೊಟ್ಟು ಡ್ರಾಫ್ಟಿನಲ್ಲಿ (ತಂಡಗಳು ಸರದಿಯಂತೆ ಆಟಗಾರರನ್ನು ಆರಿಸುವ ಪದ್ಧತಿ) ಎತ್ತಿಕೊಂಡಿದ್ದರು. ಎಡಗೈ ಬ್ಯಾಟರ್, ಸರಾಸರಿ ಸಾಧಾರಣ. ಆದರೆ ಕೆಟ್ಟ ಪಿಚ್‌ಗೆ ಬ್ಯಾಟ್ ಬೀಸದೆ ನಾಲ್ಕು ಬಾಲ್ ಗಳಿಸಿ ಫಸ್ಟ್ ಬೇಸ್‌ಗೆ ನಡೆದು ಹೋಗುವ, ಅಂದರೆ ವಾಕ್ ಪಡೆಯುವ, ತಾಳ್ಮೆ ಅವರಿಗಿತ್ತು. ಆ ಗುಣಕ್ಕೆ ಆಗ ಬೆಲೆ ಕಟ್ಟುವವರು ಕಡಿಮೆ, ಎಲ್ಲರೂ ನೋಡುತ್ತಿದ್ದದ್ದು ಬ್ಯಾಟಿಂಗ್ ಸರಾಸರಿ. 1969ರ ಡಿಸೆಂಬರಿನಲ್ಲಿ ಕ್ಯಾನ್ಸಸ್ ಸಿಟಿಯಿಂದ ಜೋ ಫಾಯ್ ಅವರನ್ನು ತರಿಸಿ, ಬದಲಿಗೆ ಆಮೋಸ್ ಓಟಿಸ್ ಮತ್ತು ಪಿಚರ್ ಬಾಬ್ ಜಾನ್ಸನ್ ಅವರನ್ನು ಕೊಟ್ಟರು. ಓಟಿಸ್ ಹುಟ್ಟಾ ಔಟ್‌ಫೀಲ್ಡರ್. ಅವರನ್ನೂ ಮೆಟ್ಸ್ ಥರ್ಡ್ ಬೇಸ್‌ಗೆ ಒಗ್ಗಿಸಲು ನೋಡಿತ್ತು, ಅವರಿಗೆ ಇಷ್ಟವಿರಲಿಲ್ಲ. ಕ್ಯಾನ್ಸಸ್ ಸಿಟಿ ಅವರನ್ನು ಸೆಂಟರ್ ಫೀಲ್ಡಿನಲ್ಲಿ ನಿಲ್ಲಿಸಿತು, ಐದು ವರ್ಷ ಆಲ್-ಸ್ಟಾರ್ (ತಾರೆಗಳ ಪಂದ್ಯ) ಆಯ್ಕೆ, ಮೂರು ಗೋಲ್ಡ್ ಗ್ಲೌವ್ (ಫೀಲ್ಡಿಂಗ್ ಪ್ರಶಸ್ತಿ) ಬಂತು. ಫಾಯ್ ಅವರ 1970ರ ಸರಾಸರಿ .236, ಅಂದರೆ ಸಾವಿರ ಸರದಿಗೆ 236 ಹಿಟ್, ಹೋಂ ರನ್ 6. ಅದೇ ವರ್ಷ ಗ್ಯಾರೆಟ್ 12 ಹೋಂ ರನ್ ಹೊಡೆದರು! ಆದರೂ ಮುಂದಿನ ವರ್ಷಕ್ಕೆ ಅಟ್ಲಾಂಟಾದಿಂದ ಬಾಬ್ ಆಸ್ಪ್ರೊಮಾಂಟಿ ಬಂದರು. ಸೈನ್ಯದ ಕರ್ತವ್ಯಕ್ಕೆ ಹೋಗಬೇಕಾಗಿ ಗ್ಯಾರೆಟ್‌ಗೆ 1971ರ ಮೊದಲರ್ಧ ಕೈತಪ್ಪಿತ್ತು, ಆ ಕಾರಣ ಒಪ್ಪಬಹುದು. ಆಸ್ಪ್ರೊಮಾಂಟಿ ಅವರಿಗೆ ಅದು ಕೊನೆಯ ವರ್ಷವಾಯಿತು.

ಆಮೇಲೆ ಬಂದದ್ದು 1971ರ ಡಿಸೆಂಬರ್ 10. ಕ್ಯಾಲಿಫೋರ್ನಿಯಾ ಏಂಜಲ್ಸ್‌ನ ಶಾರ್ಟ್‌ಸ್ಟಾಪ್ ಜಿಮ್ ಫ್ರೆಗೋಸಿ, ಆರು ಸಲ ಆಲ್-ಸ್ಟಾರ್. ಅವರನ್ನು ಥರ್ಡ್‌ನಲ್ಲಿ ನಿಲ್ಲಿಸಲೆಂದು ಮೆಟ್ಸ್ ಕೊಟ್ಟದ್ದು ನಾಲ್ವರನ್ನು. ಆ ನಾಲ್ವರಲ್ಲಿ ಒಬ್ಬರು ಪಿಚರ್ ನೋಲನ್ ರಯಾನ್. ರಯಾನ್ ಅವರನ್ನು ಬಿಟ್ಟದ್ದಕ್ಕೂ ಕಾರಣವಿತ್ತು: ಆ ವರ್ಷ 152 ಇನ್ನಿಂಗ್ಸ್‌ನಲ್ಲಿ 116 ಬ್ಯಾಟರ್‌ಗಳನ್ನು ವಾಕ್ ಕೊಟ್ಟು ಕಳಿಸಿದ್ದರು. ವೇಗವಿತ್ತು, ಹತೋಟಿ ಇರಲಿಲ್ಲ. ಫ್ರೆಗೋಸಿ ಬಂದವರೇ ವಸಂತ ತರಬೇತಿಯಲ್ಲಿ ಹೆಬ್ಬೆರಳು ಮುರಿದುಕೊಂಡರು. ಹೊಸ ಜಾಗಕ್ಕೆ ಕೈಕಾಲು ಒಗ್ಗಿಸಿಕೊಳ್ಳಬೇಕಾದ ವಾರಗಳು ಅಲ್ಲೇ ಹೋದವು. ಆ ವರ್ಷ 101 ಪಂದ್ಯ, .232, ಹೋಂ ರನ್ 5. 1973ರ ಜುಲೈನಲ್ಲಿ ಅವರನ್ನು ಟೆಕ್ಸಾಸ್‌ಗೆ ಮಾರಿದರು. ರಯಾನ್ 1972ರಲ್ಲೇ 329 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕಿಗೆ ಬ್ಯಾಟರ್ ಔಟ್) ಪಡೆದು 19 ಪಂದ್ಯ ಗೆದ್ದರು. ಆಟ ಬಿಡುವ ಹೊತ್ತಿಗೆ 5,714 ಸ್ಟ್ರೈಕ್‌ಔಟ್, 7 ನೋ-ಹಿಟರ್ (ಎದುರಾಳಿಗೆ ಒಂದೂ ಹಿಟ್ ಕೊಡದ ಪಂದ್ಯ), ಎರಡೂ ಇಂದಿಗೂ ದಾಖಲೆ.

ಈ ಟ್ರೇಡ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ರಯಾನ್ ಹೆಸರು ಹೇಳಿ ನಿಟ್ಟುಸಿರು ಬಿಟ್ಟು ನಿಲ್ಲಿಸುತ್ತಾರೆ. ನನಗೆ ಹೆಚ್ಚು ನೋವಾಗುವುದು ಗ್ಯಾರೆಟ್ ವಿಷಯದಲ್ಲಿ. 1973ರಲ್ಲಿ ತಂಡ ಮತ್ತೆ ವರ್ಲ್ಡ್ ಸೀರೀಸ್ ಮುಟ್ಟಿದಾಗ ಥರ್ಡ್‌ನಲ್ಲಿ ಇದ್ದವರು ಅದೇ ಗ್ಯಾರೆಟ್, ಆ ವರ್ಷ 16 ಹೋಂ ರನ್, ಸೀರೀಸ್‌ನಲ್ಲಿ ಇನ್ನೂ ಎರಡು. ಮೂರು ಚಳಿಗಾಲ ಸತತವಾಗಿ ಹೊರಗಿನಿಂದ ಆಳು ತಂದು, ಪ್ರತಿ ಸಲವೂ ತಿರುಗಿ ಒಳಗಿದ್ದವನ ಹತ್ತಿರವೇ ಬಂದರು. ಅಷ್ಟಾದರೂ 1974ರ ಅಕ್ಟೋಬರಿನಲ್ಲಿ ಜೋ ಟೋರಿ ಅವರನ್ನು ತಂದರು, 1976ರಲ್ಲಿ ಗ್ಯಾರೆಟ್ ಅವರನ್ನು ಮಾಂಟ್ರಿಯಲ್‌ಗೆ ಕಳಿಸಿದರು. ಹೋಗುವಾಗ ಮೆಟ್ಸ್ ಪರ ಆ ಜಾಗದಲ್ಲಿ ಎಲ್ಲರಿಗಿಂತ ಹೆಚ್ಚು ಪಂದ್ಯ ಆಡಿದವರು ಅವರೇ.

ಎಪ್ಪತ್ತರ ದಶಕದ ಉಳಿದ ಹೆಸರುಗಳನ್ನು ಬೇಗ ದಾಟಬಹುದು. ರಾಯ್ ಸ್ಟೈಗರ್ ಕೈ ಚೆನ್ನಾಗಿತ್ತು, ಬ್ಯಾಟ್ ಇರಲಿಲ್ಲ. 1977ರಲ್ಲಿ ಲೆನ್ನಿ ರಾಂಡಲ್ .304 ಹೊಡೆದು 33 ಬೇಸ್ ಕದ್ದರು, ಅಂದರೆ ಹೊಡೆತಕ್ಕೆ ಕಾಯದೆ ಓಡಿ ಮುಂದಿನ ಬೇಸ್ ಗಳಿಸಿದರು. ಆ ಜುಲೈ 13ರ ರಾತ್ರಿ ನ್ಯೂಯಾರ್ಕ್ ನಗರಕ್ಕೆ ನಗರವೇ ಕರೆಂಟು ಕಳೆದುಕೊಂಡಾಗ ಶೇ ಸ್ಟೇಡಿಯಂನಲ್ಲಿ ಬ್ಯಾಟ್ ಹಿಡಿದು ನಿಂತಿದ್ದವರು ಅವರೇ. ಆಟ ಅಲ್ಲಿಗೇ ನಿಂತಿತು. 1979ಕ್ಕೆ ಬಂದ ರಿಚಿ ಹೆಬ್ನರ್ ಒಂದೇ ವರ್ಷ ಇದ್ದರು.

ಎಂಬತ್ತರ ದಶಕದಲ್ಲಿ ತಪ್ಪಿನ ರೀತಿ ಬೇರೆಯಾಯಿತು: ಸಿಕ್ಕವರನ್ನು ಒಂದೇ ಕಡೆ ನಿಲ್ಲಲು ಬಿಡಲಿಲ್ಲ. 1978ರ ಡ್ರಾಫ್ಟಿನಲ್ಲಿ ಮೂರನೆಯವರಾಗಿ ಆರಿಸಿ ತಾವೇ ಬೆಳೆಸಿದ ಹ್ಯೂಬಿ ಬ್ರೂಕ್ಸ್ ಅವರನ್ನು 1984ರ ಡಿಸೆಂಬರಿನಲ್ಲಿ ಕ್ಯಾಚರ್ ಗ್ಯಾರಿ ಕಾರ್ಟರ್‌ಗಾಗಿ ಕೊಟ್ಟರು. ಇದನ್ನು ನಾನು ತಪ್ಪು ಅನ್ನುವುದಿಲ್ಲ, ಕಾರ್ಟರ್ ಇಲ್ಲದೆ 1986ರ ಗೆಲುವಿಲ್ಲ. ರೇ ನೈಟ್ ಆ ವರ್ಲ್ಡ್ ಸೀರೀಸ್‌ನ ಅತ್ಯುತ್ತಮ ಆಟಗಾರರಾದರು, ಮರುವರ್ಷ ಅವರೂ ತಂಡದಲ್ಲಿರಲಿಲ್ಲ. ಡೆಟ್ರಾಯಿಟ್‌ನಿಂದ ಬಂದಿದ್ದ ಹೊವರ್ಡ್ ಜಾನ್ಸನ್ 1991ರಲ್ಲಿ 38 ಹೋಂ ರನ್, 117 ಆರ್‌ಬಿಐ (ತನ್ನ ಬ್ಯಾಟಿನಿಂದ ತಂಡಕ್ಕೆ ಬಂದ ರನ್) ಮಾಡಿದರು. ಎಸೆತದಲ್ಲಿ ತಪ್ಪುಗಳಿದ್ದವು ನಿಜ. ಅದಕ್ಕೆ 1992ರಲ್ಲಿ ಅವರನ್ನು ಒಯ್ದು ಸೆಂಟರ್ ಫೀಲ್ಡಿನಲ್ಲಿ ನಿಲ್ಲಿಸಿದರು. 1997ರಲ್ಲಿ ಎಡ್ಗಾರ್ಡೊ ಆಲ್ಫೊನ್ಸೊ ಥರ್ಡ್‌ನಲ್ಲಿ ನಿಂತು .315 ಹೊಡೆದರು, 1999ಕ್ಕೆ ರಾಬಿನ್ ವೆಂಚುರಾ ಬಂದಾಗ ಸೆಕೆಂಡ್ ಬೇಸ್‌ಗೆ ಸರಿದರು. ಹೊರಗಿನಿಂದ ತಂದವರಲ್ಲಿ ಪೂರ್ತಿ ಫಲ ಕೊಟ್ಟ ಹೆಸರು ವೆಂಚುರಾ: 32 ಹೋಂ ರನ್, 120 ಆರ್‌ಬಿಐ, ಗೋಲ್ಡ್ ಗ್ಲೌವ್. ಆ ವರ್ಷ ಇಡೀ ತಂಡದ ಎರರ್ (ಫೀಲ್ಡಿಂಗ್ ತಪ್ಪು) 68 ಮಾತ್ರ. ಅವರು ಬಂದಾಗಲೇ ಪಳಗಿದ ಥರ್ಡ್ ಬೇಸ್‌ಮನ್ ಆಗಿದ್ದರು ಎಂಬುದನ್ನು ಮರೆಯಬಾರದು.

ರೈಟ್ ಸಿಕ್ಕ ದಾರಿ ನೋಡಿ. 2000ದ ನಂತರ ಪಿಚರ್ ಮೈಕ್ ಹ್ಯಾಂಪ್ಟನ್ ಕೊಲೊರಾಡೊಗೆ ಹೋದರು, ಪರಿಹಾರವಾಗಿ ಮೆಟ್ಸ್‌ಗೆ 2001ರ ಡ್ರಾಫ್ಟಿನಲ್ಲಿ 38ನೇ ಆಯ್ಕೆ ಸಿಕ್ಕಿತು. ಅದರಲ್ಲಿ ಬಂದವರು ವರ್ಜೀನಿಯಾದ ಈ ಹುಡುಗ. ಆಗ ಮೆಟ್ಸ್‌ನ ಕೈಕೆಳಗಿದ್ದ ನಾರ್ಫಕ್ ತಂಡದ ಊರಿನವರು. ಮೂರು ವರ್ಷ ಕೆಳಗಿನ ಲೀಗುಗಳಲ್ಲಿ ಥರ್ಡ್ ಬೇಸ್‌ನಲ್ಲೇ ಪಳಗಿಸಿ 2004ರ ಜುಲೈ 21ರಂದು ಮೇಲೆ ತಂದರು. ಒಂಬತ್ತು ದಿನಕ್ಕೆ, ಅಲ್ಲಿಯವರೆಗೆ ಆ ಜಾಗದಲ್ಲಿದ್ದ ಟೈ ವಿಗಿಂಟನ್ ಪಿಟ್ಸ್‌ಬರ್ಗ್‌ಗೆ ಟ್ರೇಡ್ ಆದರು. 2005ರಲ್ಲಿ ರೈಟ್ ಮಾಡಿದ ಎರರ್ 24. ಹೆಚ್ಚಿನವು ಎಸೆತದವು. ಹಿಂದಿನ ಮೆಟ್ಸ್ ಆಗಿದ್ದರೆ ಅಷ್ಟಕ್ಕೇ ಅವರನ್ನು ಔಟ್‌ಫೀಲ್ಡಿಗೆ ಅಟ್ಟುತ್ತಿತ್ತು ಎಂದೇ ನನ್ನ ಅನಿಸಿಕೆ. ಈ ಸಲ ಕಾದರು. ಅದೇ ಆಗಸ್ಟ್ 9ರಂದು ಸ್ಯಾನ್ ಡಿಯೇಗೊದಲ್ಲಿ ಬ್ರಯನ್ ಜೈಲ್ಸ್ ಹೊಡೆದ ಚೆಂಡು ಇನ್‌ಫೀಲ್ಡಿನ ಹಿಂದಕ್ಕೆ ಮೆತ್ತಗೆ ಹಾರಿತು. ರೈಟ್ ಬೆನ್ನು ತಿರುಗಿಸಿ ಓಡಿ, ಗ್ಲೌಸಿಲ್ಲದ ಬಲಗೈಯನ್ನು ಚಾಚಿ ಹಿಡಿದು ಹುಲ್ಲಿನ ಮೇಲೆ ಬಿದ್ದರು, ಚೆಂಡು ಕೈಯಲ್ಲೇ ಇತ್ತು. 2007, 2008 ಎರಡೂ ವರ್ಷ ಗೋಲ್ಡ್ ಗ್ಲೌವ್ ಅವರದ್ದು. ಒಟ್ಟು 1,777 ಹಿಟ್, 242 ಹೋಂ ರನ್, ಎಲ್ಲವೂ ಒಂದೇ ತಂಡಕ್ಕೆ. 2015ರಲ್ಲಿ ಬೆನ್ನುಹುರಿಯ ನಾಳ ಕಿರಿದಾಗಿರುವುದು ಪತ್ತೆಯಾಯಿತು. ನಂತರ ಕುತ್ತಿಗೆಗೆ, ಭುಜಕ್ಕೆ, ಬೆನ್ನಿಗೆ ಶಸ್ತ್ರಚಿಕಿತ್ಸೆ. ಬಗ್ಗಿ ಎದ್ದು ಅಡ್ಡಕ್ಕೆ ಎಸೆಯುವ ಈ ಜಾಗಕ್ಕೆ ಆ ಬೆನ್ನು ಸಾಲದಾಯಿತು. 2018ರ ಸೆಪ್ಟೆಂಬರ್ 29 ಕೊನೆಯ ಪಂದ್ಯ.

ಆಮೇಲೆ ಮತ್ತೆ ಅದೇ ಪಾಡು. ಟಾಡ್ ಫ್ರೇಜಿಯರ್, ಜೆ.ಡಿ. ಡೇವಿಸ್, ಎಡ್ವಾರ್ಡೊ ಎಸ್ಕೊಬಾರ್. 2022ರ ಡಿಸೆಂಬರಿನಲ್ಲಿ ಶಾರ್ಟ್‌ಸ್ಟಾಪ್ ಕಾರ್ಲೊಸ್ ಕೊರೆಯಾ ಅವರನ್ನು ಥರ್ಡ್‌ಗೆ ತರಲು 12 ವರ್ಷಕ್ಕೆ 31.5 ಕೋಟಿ ಡಾಲರ್ ಎಂದು ಮಾತಾಯಿತು, ವೈದ್ಯಕೀಯ ಪರೀಕ್ಷೆಯಲ್ಲಿ ಕಣಕಾಲಿನ ಅನುಮಾನ ಬಂದು ಮುರಿದುಬಿತ್ತು. ಬ್ರೆಟ್ ಬೇಟಿ 2022ರ ಆಗಸ್ಟಿನಲ್ಲಿ ಅಟ್ಲಾಂಟಾದಲ್ಲಿ ಮೊದಲ ಸರದಿಗೇ ಹೋಂ ರನ್ ಹೊಡೆದು ಬಂದವರು. ಮಾರ್ಕ್ ವಿಯೆಂಟೋಸ್ 2024ರಲ್ಲಿ 27 ಹೋಂ ರನ್ ಹೊಡೆದರು. 2025ರ ಜೂನ್ ಆರಂಭದಲ್ಲಿ ವಿಯೆಂಟೋಸ್ ತೊಡೆಯ ಸ್ನಾಯು ಎಳೆದುಕೊಂಡಾಗ ರಾನಿ ಮೌರಿಸಿಯೊ ಮೇಲೆ ಬಂದರು. ಮೂವರೂ ಮನೆಯಲ್ಲೇ ಬೆಳೆದವರು. ಆಗ ಬೇಟಿಯ ಕೈ ಹೆಚ್ಚು ನಂಬಿಕೆಯದು, ವಿಯೆಂಟೋಸ್ ಬ್ಯಾಟಿನಲ್ಲಿ ಹೆಚ್ಚು ಬಲ, ಮೌರಿಸಿಯೊ ಮೂಲತಃ ಶಾರ್ಟ್‌ಸ್ಟಾಪ್. 2025ರ ಜುಲೈ ಕೊನೆಗೆ ಟ್ರೇಡ್ ಗಡುವು ಇತ್ತು. ಅಂಥ ಹೊತ್ತಿನಲ್ಲಿ ಹೊರಗಿನಿಂದ ಥರ್ಡ್ ಬೇಸ್‌ಮನ್ ತರುವ ಮಾತು ಎದ್ದೇ ಏಳುತ್ತದೆ. ನನ್ನನ್ನು ಕೇಳಿದ್ದರೆ ಬೇಡ ಅನ್ನುತ್ತಿದ್ದೆ. ಬೇಟಿಯನ್ನು ಸೆಕೆಂಡ್ ಬೇಸ್‌ಗೂ ಥರ್ಡ್‌ಗೂ ಓಡಾಡಿಸುವುದನ್ನು ಬಿಟ್ಟು, ಆ ವರ್ಷ ಮುಗಿಯುವವರೆಗೆ ಥರ್ಡ್‌ನಲ್ಲೇ ನಿಲ್ಲಿಸಬೇಕಿತ್ತು.