ಗೋಡೆಗೆ ಹೊಡೆದ ಸುಣ್ಣದ ತೂಕದ ಲೆಕ್ಕ

ಗುಬ್ಬಿ ಹತ್ತಿರದ ನಮ್ಮೂರಿನ ಮನೆಗೆ ಯುಗಾದಿ ಮುಂಚೆ ಇವತ್ತಿಗೂ ಸುಣ್ಣವನ್ನೇ ಹೊಡೆಯುತ್ತೇವೆ. ಪೇಂಟ್ ಹೊಡೆಸೋಣ ಅಂತ ಅಣ್ಣ ಹೇಳ್ತಾನೇ ಇರ್ತಾನೆ, ಅವ್ವ ಒಪ್ಪಲ್ಲ. ಈ ಸಲ ಸುಣ್ಣ ಅರಳಿಸುವ ದಿನ ಅಣ್ಣನ ಮಗಳು ಕೊಬ್ಬರಿ ತೂಗುವ ಮಿಷನ್ ಎತ್ತಿಕೊಂಡು ಬಂದಳು. ಒಂಬತ್ತನೇ ಕ್ಲಾಸು. ರಾಸಾಯನಿಕ ಕ್ರಿಯೆಯಲ್ಲಿ ವಸ್ತುಗಳ ಒಟ್ಟು ತೂಕ ಬದಲಾಗಲ್ಲ ಅನ್ನೋ ರಾಶಿ ಸಂರಕ್ಷಣಾ ನಿಯಮದ ಪಾಠ ಆಗಿತ್ತಂತೆ, ತೂಕ ಹಾಕಿ ನೋಡಲೇಬೇಕು ಅಂತ ಹಟ.

ಹಳೇ ಎಣ್ಣೆ ಡಬ್ಬದಲ್ಲಿ 2 ಕೆಜಿ ಸುಟ್ಟ ಸುಣ್ಣದ ಕಲ್ಲು, ಪಕ್ಕದಲ್ಲಿ ಕೊಡದ ನೀರು, ಎಲ್ಲವನ್ನೂ ತೂಗಿ ಬರೆದುಕೊಂಡಳು. ನೀರು ಬಿದ್ದ ಮೇಲೆ ಒಂದೆರಡು ನಿಮಿಷ ಏನೂ ಆಗಲ್ಲ. ಆಮೇಲೆ ಕಲ್ಲು ಚಟಚಟ ಅಂತ ಬಿರಿದು, ಉಬ್ಬಿ, ಕೊತಕೊತ ಕುದಿಯಲು ಶುರು. ಕೆಳಗೆ ಒಲೆ ಇಲ್ಲ, ಬೆಂಕಿ ಇಲ್ಲ, ಆ ಬಿಸಿಯೆಲ್ಲ ಸುಣ್ಣವೂ ನೀರೂ ಸೇರಿದ್ದರಿಂದಲೇ ಹುಟ್ಟಿದ್ದು. ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು, ಅದಕ್ಕೆ ಅವಳನ್ನು ದೂರವೇ ನಿಲ್ಲಿಸಿದ್ದೆ.

ತಣ್ಣಗಾದ ಮೇಲೆ ತೂಗಿದರೆ ಸುಮಾರು 150 ಗ್ರಾಂ ಕಡಿಮೆ.

"ಚಿಕ್ಕಪ್ಪ, ತೂಕ ಬದಲಾಗಲ್ಲ ಅಂತ ಪುಸ್ತಕದಲ್ಲಿದೆ. ಇಲ್ಲಿ ಕಮ್ಮಿ ಆಯ್ತಲ್ಲ?"

ಸರಿಯಾದ ಪ್ರಶ್ನೆ ಅಲ್ವಾ? ಇನ್ನೊಂದು ಸ್ವಲ್ಪ ಸುಣ್ಣಕ್ಕೆ ನೀರು ಹಾಕಿ, ಮೇಲೆ ಇಕ್ಕಳದಲ್ಲಿ ಸ್ಟೀಲ್ ತಟ್ಟೆ ಹಿಡಿದೆ. ತಟ್ಟೆಯ ಅಡಿ ತುಂಬ ನೀರಹನಿ. ಕಮ್ಮಿಯಾದ ತೂಕ ಆವಿಯಾಗಿ ಹೋಗಿದೆ, ಅಷ್ಟೆ. ಅದನ್ನೂ ಹಿಡಿದು ತೂಗಿದ್ದರೆ ಲೆಕ್ಕ ಸರಿಹೋಗುತ್ತಿತ್ತು.

ಮಧ್ಯಾಹ್ನ ಊಟ ಆದಮೇಲೆ ಜಗಲಿಯಲ್ಲಿ ಕೂತು ಪೂರ್ತಿ ಲೆಕ್ಕ ಹಾಕಿದೆವು. ನನಗೆ ತುಂಬಾ ಇಷ್ಟವಾದ ಲೆಕ್ಕ ಇದು. 100 ಕೆಜಿ ಶುದ್ಧ ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿಗೆ ಸುಟ್ಟರೆ ಕೈಗೆ ಸಿಗೋದು 56 ಕೆಜಿ, ಮಿಕ್ಕ 44 ಕೆಜಿ ಇಂಗಾಲದ ಡೈ ಆಕ್ಸೈಡ್ ಆಗಿ ಗಾಳಿಗೆ. ಆ 56 ಕೆಜಿ ಅರಳುವಾಗ 18 ಕೆಜಿ ನೀರು ಕುಡಿದು 74 ಆಗುತ್ತದೆ. ಅದನ್ನು ಗೋಡೆಗೆ ಬಳಿದರೆ ಗಾಳಿಯಿಂದ ಅದೇ 44 ಕೆಜಿ ವಾಪಸ್ ಎಳೆದುಕೊಂಡು, ಕುಡಿದಿದ್ದ 18 ಕೆಜಿ ನೀರನ್ನು ಬಿಟ್ಟುಕೊಟ್ಟು, ಮತ್ತೆ 100 ಕೆಜಿ ಸುಣ್ಣದ ಕಲ್ಲೇ ಆಗಿಬಿಡುತ್ತದೆ. ಗಾಳಿಯಲ್ಲಿ ಆ ಅನಿಲ ಹತ್ತು ಸಾವಿರ ಪಾಲಿಗೆ ನಾಲ್ಕು ಪಾಲು ಮಾತ್ರ, ಅದಕ್ಕೇ ಗೋಡೆ ಗಟ್ಟಿಯಾಗೋಕೆ ದಿನಗಟ್ಟಲೆ ಬೇಕು.

ಅವಳಿಗೆ ನಂಬಿಕೆ ಬರಲಿಲ್ಲ. ಹಿತ್ತಲ ಗೋಡೆಯಲ್ಲಿ ಹಕ್ಕಳೆ ಎದ್ದಿದ್ದ ಹಳೇ ಸುಣ್ಣ ಕಿತ್ತು ಅದರ ಮೇಲೆ ನಿಂಬೆರಸ ಹಿಂಡಿದೆ. ಸಣ್ಣಗೆ ಬುರುಬುರು ನೊರೆ ಬಂತು, ಯಾವತ್ತೋ ಗೋಡೆ ಎಳೆದುಕೊಂಡಿದ್ದ ಅನಿಲ ಹೊರಗೆ ಬರುತ್ತಿತ್ತು. ಬೆಳಿಗ್ಗೆ ಅರಳಿಸಿದ ಸುಣ್ಣಕ್ಕೆ ಹಿಂಡಿದರೆ ನೊರೆಯೇ ಇಲ್ಲ! ಅವಳು ನಿಂಬೆಹಣ್ಣು ಕಿತ್ತುಕೊಂಡು ತಾನೇ ಮತ್ತೆ ಮತ್ತೆ ಮಾಡಿ ನೋಡಿದಳು.

ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಕೂಡ ಸುಣ್ಣವನ್ನೇ ತೂಗುತ್ತಾ ಕೂತಿದ್ದವರು. ಕಾದಾಗ ಕಮ್ಮಿಯಾಗುವ ತೂಕ ಒಂದು ಅನಿಲದ್ದು ಅಂತ 1756ರಲ್ಲಿ ಪ್ರಕಟಿಸಿದರು. ಗಾಳಿಗೂ ತೂಕದ ಲೆಕ್ಕದಲ್ಲಿ ಜಾಗ ಸಿಕ್ಕಮೇಲೆ ತಾನೇ ಫ್ರಾನ್ಸಿನ ಲಾವೋಸಿಯೆ ಕ್ರಿಯೆಯ ಮೊದಲೂ ಕೊನೆಗೂ ರಾಶಿ ಒಂದೇ ಅಂತ 1789ರ ತಮ್ಮ ಪುಸ್ತಕದಲ್ಲಿ ಗಟ್ಟಿಯಾಗಿ ಹೇಳಲು ಆಗಿದ್ದು? ಪಾಠದಲ್ಲಿ ಲಾವೋಸಿಯೆ ಹೆಸರು ಬರುತ್ತದೆ, ಬ್ಲ್ಯಾಕ್ ಹೆಸರೂ ಜೊತೆಗೆ ಬರಬೇಕು ಅನ್ನೋದು ನನ್ನ ಆಸೆ.

"ಹಾಗಾದ್ರೆ ಗೂಡಿಂದ ಹೋದ ಹೊಗೆಯೆಲ್ಲ ಗೋಡೆಗೆ ವಾಪಸ್ ಬರುತ್ತಾ?" ಅಂದಳು.

ಎಲ್ಲ ಬರಲ್ಲ. ಕಲ್ಲಿಂದ ಹೋದದ್ದನ್ನು ಗೋಡೆ ನಿಧಾನಕ್ಕೆ ವಾಪಸ್ ತಗೊಳ್ಳುತ್ತದೆ. ಕಲ್ಲು ಸುಡಲು ಉರಿಸಿದ ಕಲ್ಲಿದ್ದಲಿನ ಇಂಗಾಲಕ್ಕೆ ಗೋಡೆಯಲ್ಲಿ ಜಾಗ ಇಲ್ಲ. ಅದನ್ನು ಅವಳ ನೋಟ್ ಬುಕ್ಕಿನಲ್ಲಿ ಬೇರೆ ಸಾಲಾಗಿ ಬರೆಸಿದೆ.