ಕೆಲಸಕ್ಕೆ ಹೇಗೆ ಸೇರಿದರೇನು, ಚೆನ್ನಾಗಿ ಮಾಡಿದರೆ ಸಾಲದೇ?

ಸರ್ಕಾರಿ ನೇಮಕಾತಿಯ ಬಗ್ಗೆ ನಾನು ಬರೆದಾಗಲೆಲ್ಲ ಯಾರಾದರೊಬ್ಬರು ಈ ಪ್ರಶ್ನೆ ಕೇಳುತ್ತಾರೆ. ಶಿಫಾರಸಿನ ಮೇಲೆ ಬಂದವರಲ್ಲೂ ದುಡಿಯುವವರಿದ್ದಾರೆ, ಪರೀಕ್ಷೆ ಪಾಸಾಗಿ ಬಂದವರಲ್ಲೂ ಸೋಮಾರಿಗಳಿದ್ದಾರೆ ಎನ್ನುತ್ತಾರೆ. ಅದು ನಿಜವೇ. ಆದರೂ ಬಂದ ದಾರಿ ಮುಖ್ಯ ಎಂಬುದೇ ನನ್ನ ಉತ್ತರ. ಯಾರ ಕೃಪೆಯಿಂದ ಹುದ್ದೆ ಸಿಕ್ಕಿತೋ ಅವರ ಋಣ ನೌಕರನ ತಲೆಯ ಮೇಲೆ ಕೊನೆತನಕ ಇರುತ್ತದೆ. ಅವರ ಕಡೆಯವರ ಕಡತ ಮೊದಲು ಏಳುತ್ತದೆ, ಸಾಲಿನಲ್ಲಿ ನಿಂತವರದು ಕಾಯುತ್ತದೆ.

ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಇದೇ ಪದ್ಧತಿಯಾಗಿತ್ತು. ಗೆದ್ದ ಪಕ್ಷ ಅಂಚೆ, ಸುಂಕದ ಕಚೇರಿಗಳಲ್ಲಿ ತನ್ನವರನ್ನು ತುಂಬುತ್ತಿತ್ತು. ಅವರು ಸಂಬಳದಲ್ಲಿ ಒಂದು ಪಾಲನ್ನು ಪಕ್ಷಕ್ಕೆ ಒಪ್ಪಿಸಬೇಕಿತ್ತು. ಪಕ್ಷ ಸೋತರೆ ಕೆಲಸವೂ ಹೋಗುತ್ತಿತ್ತು, ಅವರು ಕಲಿತದ್ದೂ ಅವರ ಜೊತೆಗೇ ಹೋಗುತ್ತಿತ್ತು. 1881ರಲ್ಲಿ, ಪಕ್ಷಕ್ಕೆ ದುಡಿದ ತನಗೆ ವಿದೇಶದಲ್ಲೊಂದು ಹುದ್ದೆ ಸಲ್ಲಬೇಕೆಂದು ನಂಬಿದ್ದ ಚಾರ್ಲ್ಸ್ ಗಿಟೋ, ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ ಗುಂಡು ಹೊಡೆದ. ಆ ಸಾವಿನ ನಂತರ, 1883ರಲ್ಲಿ, ಪರೀಕ್ಷೆಯ ಮೂಲಕ ನೇಮಿಸುವ ಪೆಂಡಲ್ಟನ್ ಕಾಯ್ದೆ ಬಂತು. ಅದೂ ಮೊದಲಿಗೆ ಅನ್ವಯಿಸಿದ್ದು ಸುಮಾರು ಹತ್ತನೇ ಒಂದು ಭಾಗದ ಹುದ್ದೆಗಳಿಗೆ ಮಾತ್ರ. ಬ್ರಿಟನ್ನಿನಲ್ಲೂ ಅರ್ಹತೆಗೆ ಮಣೆ ಹಾಕಬೇಕೆಂಬ ವರದಿ ಬಂದದ್ದು 1854ರಲ್ಲಿ, ಮುಕ್ತ ಸ್ಪರ್ಧೆ ಸಾಮಾನ್ಯ ನಿಯಮವಾದದ್ದು 1870ರಲ್ಲಿ. ಋಣದ ಗಂಟು ಅಷ್ಟು ಬಿಗಿ.

ಹಾಗಾದರೆ ಪರೀಕ್ಷೆ ಇಟ್ಟರೆ ಎಲ್ಲ ಸರಿಹೋಗುತ್ತದೆಯೇ? ಇಲ್ಲ. ಪರೀಕ್ಷೆ ವಶೀಲಿಯ ಬಾಗಿಲು ಮುಚ್ಚುತ್ತದೆ, ಅದು ಸಣ್ಣ ಮಾತಲ್ಲ. ಆದರೆ ಅಳುತ್ತಾ ಬಂದವರ ಮಾತನ್ನು ಈ ಅಭ್ಯರ್ಥಿ ತಾಳ್ಮೆಯಿಂದ ಕೇಳುತ್ತಾರೆಯೇ ಎಂಬುದು ಉತ್ತರಪತ್ರಿಕೆಯಲ್ಲಿ ಕಾಣುವುದಿಲ್ಲ.

ಯಾರು ಅರ್ಜಿ ಹಾಕುತ್ತಾರೆ ಎಂಬುದೂ ನಾವು ಕರೆಯುವ ಬಗೆಯ ಮೇಲಿದೆ. 2010ರಲ್ಲಿ ಜಾಂಬಿಯಾ ದೇಶ ಹಳ್ಳಿಗಳಿಗೆ ಆರೋಗ್ಯ ಕಾರ್ಯಕರ್ತರನ್ನು ನೇಮಿಸಿದಾಗ, ಕೆಲವು ಜಿಲ್ಲೆಗಳ ಭಿತ್ತಿಪತ್ರ ಸಮುದಾಯದ ಸೇವೆಯನ್ನು ಎತ್ತಿ ಹೇಳಿತು, ಉಳಿದವು ವೃತ್ತಿಯಲ್ಲಿ ಮುಂದೆ ಬರುವ ಅವಕಾಶವನ್ನು. ಕೆಲಸ ಒಂದೇ, ತರಬೇತಿಯೂ ಒಂದೇ. ಎರಡನೆಯ ಕರೆಗೆ ಓಗೊಟ್ಟು ಬಂದವರು ಶೇ. 29ರಷ್ಟು ಹೆಚ್ಚು ಮನೆಭೇಟಿ ಮಾಡಿದರು. ಏಳಿಗೆ ಬಯಸುವವರಿಗೆ ಸೇವಾಭಾವ ಇರುವುದಿಲ್ಲ ಎಂದು ನಾನೂ ನಂಬಿದ್ದೆ. ಇದನ್ನು ಓದಿದ ಮೇಲೆ ಆ ನಂಬಿಕೆ ಬಿಟ್ಟೆ.

ನನ್ನನ್ನು ಹೆಚ್ಚು ಕಾಡುವುದು ವಿಳಂಬ. ಅಧಿಸೂಚನೆಯಿಂದ ನೇಮಕಾತಿ ಆದೇಶದವರೆಗೆ ವರ್ಷಗಟ್ಟಲೆ ಹಿಡಿದರೆ, ಆ ವಿಳಂಬವೇ ಇನ್ನೊಂದು ಪರೀಕ್ಷೆಯಾಗುತ್ತದೆ. ಸಂಪಾದನೆಯಿಲ್ಲದೆ ಕಾಯಬಲ್ಲವರು ಮಾತ್ರ ಉಳಿಯುತ್ತಾರೆ, ಬಡ ಮನೆಯ ಜಾಣ ಹುಡುಗಿ ಸಿಕ್ಕ ಕೆಲಸಕ್ಕೆ ಸೇರಿಬಿಡುತ್ತಾಳೆ. ಇತ್ತ ಖಾಲಿ ಕುರ್ಚಿಯ ಕೆಲಸ ಪಕ್ಕದವರಿಗೆ ಹೆಚ್ಚುವರಿ ಪ್ರಭಾರವಾಗುತ್ತದೆ. ಎರಡು ಮೇಜಿನ ಕಡತ ಒಬ್ಬರ ಮುಂದೆ ರಾಶಿ ಬಿದ್ದಾಗ, ಎಂಥ ದಕ್ಷರೂ ತುರ್ತಿನದನ್ನಷ್ಟೇ ಮುಟ್ಟುತ್ತಾರೆ. ಕೊನೆಗೆ ಹೊಸಬರು ಬಂದಾಗ ಕೆಲಸ ಹೇಳಿಕೊಡಬೇಕಾದ ಹಿರಿಯರು ನಿವೃತ್ತರಾಗಿ ಹೋಗಿರುತ್ತಾರೆ.

ನಿವೃತ್ತಿಯ ದಿನಾಂಕವಾದರೂ ಸೇವಾ ಪುಸ್ತಕದಲ್ಲಿ ಮೊದಲೇ ಇರುತ್ತದಲ್ಲ. ಕುರ್ಚಿ ಖಾಲಿಯಾಗುವ ಒಂದು ವರ್ಷ ಮುಂಚೆಯೇ ಅಧಿಸೂಚನೆ ಹೊರಡಿಸಿ, ಹೋಗುವವರೂ ಬರುವವರೂ ಎರಡು ತಿಂಗಳು ಒಂದೇ ಮೇಜಿನಲ್ಲಿ ಕೂರುವಂತೆ ಮಾಡಿ ಎಂದು, ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ.