ಹಸಿರು ಜೀರುಂಡೆ

ಸಂಜೆ ಅಕ್ಕನ ಮಗಳು ಹತ್ತನೇ ಕ್ಲಾಸಿನ ಸಿಬಿಎಸ್‌ಇ ವಿಜ್ಞಾನದ ಪುಸ್ತಕ ಹಿಡಿದು ಬಂದಳು. ಪಾಠದ ಹೆಸರು 'ಹೆರಿಡಿಟಿ', ಅಂದರೆ ಅನುವಂಶೀಯತೆ. ಅವಳ ಅಣ್ಣನ ಹಳೇ ಪುಸ್ತಕದಲ್ಲಿ 'ಹೆರಿಡಿಟಿ ಅಂಡ್ ಎವಲ್ಯೂಷನ್', ಜೊತೆಗೆ ಜೀವವಿಕಾಸವೂ ಇತ್ತು. "ಚಿಕ್ಕಮ್ಮ, ಈ ಎವಲ್ಯೂಷನ್ ನಮಗೆ ಯಾಕಿಲ್ಲ?"

ಹಳೇ ಪುಸ್ತಕದಲ್ಲಿ ಎಷ್ಟು ಚೆಂದದ ಉದಾಹರಣೆ ಇದೆ ಗೊತ್ತಾ? ಹಸಿರು ಪೊದೆಯಲ್ಲಿ ಹನ್ನೆರಡು ಕೆಂಪು ಜೀರುಂಡೆ. ಕಾಗೆ ಹೆಕ್ಕಿ ಹೆಕ್ಕಿ ತಿನ್ನುತ್ತದೆ. ಮರಿಗಳಲ್ಲಿ ಒಂದು ಹಸಿರಾಗಿ ಹುಟ್ಟುತ್ತದೆ. ಎಲೆ ಮಧ್ಯೆ ಅದು ಕಾಗೆಯ ಕಣ್ಣಿಗೇ ಬೀಳಲ್ಲ. ಅದರ ಮರಿಗಳೂ ಹಸಿರು. ನಿಧಾನಕ್ಕೆ ಕೆಂಪು ಕಮ್ಮಿ, ಹಸಿರು ಜಾಸ್ತಿ. ಮುಂದೆ ಹೋದರೆ ಎಲೆಕೋಸು, ಹೂಕೋಸು, ನವಿಲುಕೋಸು ಎಲ್ಲ ಒಂದೇ ಕಾಡುಕೋಸಿನಿಂದ ಬಂದ ಕತೆ.

ಕೋವಿಡ್ ಹೊತ್ತಲ್ಲಿ ಮಕ್ಕಳ ಹೊರೆ ಇಳಿಸಲು ಅಂತ ಕೈಬಿಟ್ಟ ಈ ಭಾಗ, 2023ರಲ್ಲಿ ಪುಸ್ತಕದಿಂದಲೇ ಹೋಯಿತು. 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ವಾಪಸ್ ತನ್ನಿ ಅಂತ ಪತ್ರ ಬರೆದರು.

2018ರಲ್ಲಿ ಕೇಂದ್ರ ಸಚಿವ ಸತ್ಯಪಾಲ್ ಸಿಂಗ್, ಕೋತಿ ಮನುಷ್ಯನಾಗಿದ್ದನ್ನು ಕಂಡೆವು ಅಂತ ನಮ್ಮ ಪೂರ್ವಜರು ಯಾರೂ ಹೇಳಿಲ್ಲ, ಜೀವವಿಕಾಸದ ಸಿದ್ಧಾಂತ ಕೊಟ್ಟ ಡಾರ್ವಿನ್‌ನ ಪಾಠ ಬದಲಾಗಬೇಕು ಅಂದಿದ್ದರು. ವಿಜ್ಞಾನಿಗಳು ಆಗಲೂ ಎದ್ದು ನಿಂತು ಹೇಳಿದರು, ಇದು ತಪ್ಪು ಅಂತ.

ನಾನೂ ದಿನಾ ದೇವರಿಗೆ ದೀಪ ಹಚ್ಚುವವಳೇ. ಆ ಜೀರುಂಡೆ ನನ್ನ ನಂಬಿಕೆಗೆ ಯಾವತ್ತೂ ಅಡ್ಡ ಬಂದಿಲ್ಲ.

ಹನ್ನೆರಡನೇ ಕ್ಲಾಸಲ್ಲಿ ಇದೆಯಲ್ಲ ಅನ್ನುವುದು ಸರ್ಕಾರದ ಉತ್ತರ. ಹೌದು, ಬಯಾಲಜಿ ತಗೊಂಡವರಿಗೆ ಇದೆ. ನಮ್ಮ ಹುಡುಗಿ ಕಾಮರ್ಸ್‌ಗೆ ಹೋಗ್ತಾಳಂತೆ. ಅವಳು ಇದನ್ನ ಎಲ್ಲಿ ಓದಬೇಕು? ಈ ಪಾಠ ಹತ್ತನೇ ಕ್ಲಾಸಿಗೆ ವಾಪಸ್ ಬರಲೇಬೇಕು.